ಎರಡು-ನಾಲ್ಕರ ಕೈ

ನಮ್ಮ ಅಮ್ಮಿ ರೋಣದಲ್ಲಿ ಮನೆಮನೆಗೆ ಹೋಗಿ ಬಳೆ ತೊಡಿಸುತ್ತಿದ್ದಳು. ಹೆಣ್ಣುಮಕ್ಕಳ ಕೈ ಹಿಡಿದರೆ ಸಾಕು, ಅಳತೆ ಹೇಳಿಬಿಡುತ್ತಿದ್ದಳು: ಎರಡು-ನಾಲ್ಕು, ಎರಡು-ಆರು, ಎರಡು-ಎಂಟು. ಹೋದ ಸಲ ಆರು ಇದ್ದದ್ದು ಈ ಸಲ ನಾಲ್ಕಕ್ಕೆ ಇಳಿದಿದ್ದರೆ ಆ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಅವಳಿಗೆ ತಿಳಿಯುತ್ತಿತ್ತು. ದನಿ ತಗ್ಗಿಸಿ ಕೇಳುತ್ತಿದ್ದಳು. ಕೇಳಿದ್ದನ್ನು ಹೊಟ್ಟೆಯಲ್ಲಿ ಹಾಕಿಕೊಂಡು ಮುಂದಿನ ಮನೆಗೆ ನಡೆಯುತ್ತಿದ್ದಳು. ಬಳೆಯ ಚೀಲ ಹೊತ್ತು ಹಿಂದೆ ಹೋಗುತ್ತಿದ್ದವಳು ನಾನು.

ಪಿಯುಸಿ ಮುಗಿಸಿ, ಆ ಚೀಲ ಹೊರಲು ನಾಚಿಕೆಪಡುತ್ತಿದ್ದ ಕಾಲದಲ್ಲಿ ಪರಿಚಯದವರಿಗೇ ಶಕ್ತಿಪುಡಿ ಮಾರುವ ಒಂದು ನೆಟ್‌ವರ್ಕಿಗೆ ಸೇರಿದೆ. ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಎದುರಿನ ಮಾಳಿಗೆಯಲ್ಲಿ ಸಭೆ. ಟೈ ಕಟ್ಟಿದವನೊಬ್ಬ, "ಹಳೇ ಪರಿಚಯ, ಹೊಸಾ ಮೊಬೈಲ್, ಎರಡೂ ಕೂಡಿದ್ರ ನಿಮ್ಮನ್ನ ಹಿಡಿಯವರಿಲ್ಲ. ಯಾರಿಗೆ ಏನ್ ತ್ರಾಸೈತಿ ಬರಕೊಳ್ರಿ, ಫೋನ್ ಹಚ್ರಿ" ಎಂದ. ನನಗಂತೂ ಖುಷಿಯೋ ಖುಷಿ. ಊರಿನ ಅರ್ಧ ಹೆಂಗಸರ ತ್ರಾಸನ್ನು ಚೀಲದ ಜೊತೆಗೇ ಹೊತ್ತು ತಿರುಗಿದವಳು ನಾನು! ಹೊಸ ಮೊಬೈಲಿನಲ್ಲಿ ಮನೆಯ ಗುರುತು, ನಂಬರು, ಅದರ ಮುಂದೆ ಕೈಯ ಅಳತೆ, ಎಲ್ಲ ತುಂಬಿದೆ. ಅಳತೆ ಇಳಿದವರಿಗೆ ಮೊದಲು ಫೋನು. ಎಂಥಾ ಬುದ್ಧಿವಂತೆ ನಾನು, ಥೂ!

ಆ ದಿನಗಳಲ್ಲೇ ಅಗಸಿ ಓಣಿಯ ಒಂದು ಮನೆಗೆ ಹೋದೆವು. ಅಲ್ಲಿ ಹೊಸ ಸೊಸೆಯಿದ್ದಳು, ನರಗುಂದದವಳು. ಅವಳ ಕೈ ನಾಲ್ಕಕ್ಕೆ ಇಳಿದಿತ್ತು. ಅಮ್ಮಿ ಕೇಳಿದಾಗ ಕಣ್ಣು ತುಂಬಿಕೊಂಡಳು. "ಟಿ.ಬಿ. ಆಗೇತ್ರಿ. ತವರಮನಿಯವರು ಗುಳಿಗಿ ತಂದ ಕೊಡ್ತಾರ. ಇನ್ನ ಎರಡ ತಿಂಗಳ ನುಂಗಿದ್ರ ಆರಾಮ ಆಗ್ತೇನಿ. ನಮ್ಮ ಅತ್ತಿಯವರಿಗೆ ಗೊತ್ತಾದ್ರ ನನ್ನ ಮನಿ ಬಿಡಸ್ತಾರ್ರಿ."

ದಾರಿಯಲ್ಲಿ ಅಮ್ಮಿ ನನಗೆ ಹೇಳಿದ್ದು ಇಷ್ಟೇ: "ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು. ತಿಳೀತೋ ಇಲ್ಲೋ?"

ಹೂಂ ಅಂದೆ. ಹೂಂ ಅಂದವಳೇ ವಾರದೊಳಗೆ ಆ ಮನೆಗೆ ಫೋನ್ ಹಚ್ಚಿದೆ. ಹಲೋ ಎಂದ ದನಿ ಸೊಸೆಯದೇ ಎಂದುಕೊಂಡು, ಸಭೆಯಲ್ಲಿ ಕಲಿಸಿದ ಸಕ್ಕರೆಯಂಥ ದನಿಯಲ್ಲಿ ಶುರು ಮಾಡಿದೆ. "ನಾ ಬಳಿಗಾರ್ತಿ ಮಗಳರಿ. ನಿಮ್ಮ ಕೈ ನಾಕಕ್ಕ ಇಳದೈತಲ್ರಿ, ಟಿ.ಬಿ. ಗುಳಿಗಿ ಜೋಡಿ ನಮ್ಮ ಪುಡಿ ತಗೊಂಡ್ರ ಲಗೂ ಮೈ ಹಿಡೀತೈತ್ರಿ."

ಆ ಕಡೆಯಿಂದ ಗಡಸು ದನಿ, "ಯಾರಿಗೆ ಟಿ.ಬಿ.?"

ಅದು ಅತ್ತೆ. ಫೋನ್ ಕಟ್ ಮಾಡಿದೆ. ಕಟ್ ಮಾಡಿದರೆ ಆಡಿದ ಮಾತು ವಾಪಸ್ ಬರುತ್ತದೆಯೇ?

ಮೂರನೇ ದಿನ ಸೊಸೆಯನ್ನು ನರಗುಂದದ ಬಸ್ಸು ಹತ್ತಿಸಿದರಂತೆ. ಅದು ನಮಗೆ ಗೊತ್ತಾಗಿದ್ದು ಮತ್ತೆ ಆ ಓಣಿಗೆ ಹೋದಾಗ. ಅತ್ತೆ ಹೊಸ್ತಿಲಲ್ಲೇ ನಿಂತು ಅಮ್ಮಿಗೆ, "ನಮ್ಮ ಮನಿ ಹೆಣ್ಣಮಕ್ಕಳ ಕೈ ನಂಬಿ ನಿನ್ನ ಕೈಯಾಗ ಕೊಟ್ಟಿದ್ವಿ. ನೀ ಅವರ ರೋಗ ಎಣಿಸಿ ಮಗಳ ಕಡಿಂದ ಫೋನ್ ಹಚ್ಚಸ್ತೀ? ಇನ್ನ ಈ ಓಣಿ ತುಳೀಬ್ಯಾಡ" ಎಂದಳು.

ಅಮ್ಮಿ ತಿರುಗಿ ನನ್ನ ಮುಖ ನೋಡಿದಳು, ಒಮ್ಮೆಯಷ್ಟೇ. ಅವಳಿಗೆ ಎಲ್ಲ ತಿಳಿಯಿತು. "ನಂದ ತಪ್ಪಾತ್ರಿ, ಅಕ್ಕಾರ" ಎಂದಳು. "ಅಮ್ಮಿಗೆ ಏನೂ ಗೊತ್ತಿಲ್ರಿ" ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಫೋನಿನಲ್ಲಿ ಅಷ್ಟು ಹರಿದಾಡಿದ ನಾಲಗೆ ಅಲ್ಲಿ ಸತ್ತು ಬಿದ್ದಿತ್ತು. ಇವತ್ತಿಗೂ ನನಗೆ ಆ ಫೋನಿಗಿಂತ, ಆಗ ಬಾಯಿ ಮುಚ್ಚಿಕೊಂಡು ನಿಂತದ್ದೇ ಹೆಚ್ಚು ನಾಚಿಕೆ.

ಮೊಬೈಲಿನಲ್ಲಿದ್ದುದನ್ನೆಲ್ಲ ಅಳಿಸಿದೆ, ಸಭೆಗೆ ಹೋಗುವುದನ್ನು ಬಿಟ್ಟೆ. ಆ ಸೊಸೆ ತಿರುಗಿ ಬಂದಳೋ ಇಲ್ಲವೋ, ಯಾರನ್ನೂ ಕೇಳುವ ಮುಖ ನನಗಿರಲಿಲ್ಲ. ಅಮ್ಮಿ ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. ಚೀಲ ತಾನೇ ಹೊತ್ತುಕೊಂಡು ಒಬ್ಬಳೇ ಹೋಗತೊಡಗಿದಳು. ನನಗೆ ಊಟ ಸೇರದಾಯಿತು.

ಹಬ್ಬದ ಹಿಂದಿನ ದಿನ ಅಮ್ಮಿ ಎದುರು ಕೂರಿಸಿಕೊಂಡು ನನ್ನ ಕೈ ಹಿಡಿದಳು. ನನ್ನ ಅಳತೆ ಎರಡು-ಆರು. ಆ ಬಳೆ ಮುಂಗೈಯಿಂದ ಜಾರಿ ಅವಳ ಮಡಿಲಿಗೆ ಬಿತ್ತು. ಅವಳು ಎರಡು-ನಾಲ್ಕರ ಡಜನ್ ಬಿಚ್ಚಿದಳು. ಬಾಗಿಲಲ್ಲಿ ಕೂತಿದ್ದ ನನ್ನ ತಂದೆ, ಅಬ್ಬಾ, "ಯಾಕ, ಹುಡುಗಿ ಕೈ ಇಳದೈತೇನು?" ಎಂದು ಕೇಳಿದ.

"ಇಲ್ರಿ," ಎಂದಳು ಅಮ್ಮಿ. "ಈ ಸಲ ಬಳೀನ ದೊಡ್ಡವ ಬಂದಾವ."