ನೆಲ ಸಿಗದ ನೀರಿನಲ್ಲಿ

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ನಾನು ಬಹಳ ವರ್ಷ ಭೂಮಾಪನದ ಕೆಲಸ ಮಾಡಿದವನು. ಅಳತೆ ಹಿಡಿಯದೆ ಯಾರ ಬೇಲಿಯ ಬಗ್ಗೆಯೂ ಮಾತಾಡಿದವನಲ್ಲ. ಆದರೆ ನನ್ನ ಈಜನ್ನು ಮಾತ್ರ ಒಮ್ಮೆಯೂ ಅಳೆದು ನೋಡಿರಲಿಲ್ಲ.

ಹಲಸೂರಿನ ಈಜುಕೊಳಕ್ಕೆ ನಾಲ್ಕು ವರ್ಷದಿಂದ ಬೆಳಗಿನ ಆರರ ಬ್ಯಾಚಿಗೆ ಹೋಗುತ್ತೇನೆ. ಕೊಳದಲ್ಲಿ ಅತಿ ಆಳದ ಜಾಗವೆಂದರೆ ಐದಡಿ. ನಾನು ಐದಡಿ ಏಳಂಗುಲ. ಬ್ಯಾಚಿನಲ್ಲಿ ಹೆಚ್ಚಿನವರು ಐವತ್ತು ದಾಟಿದವರು, ಹಾಗಾಗಿ ನಮ್ಮೊಳಗೆ ಒಂದು ಮರ್ಯಾದೆ ಬೆಳೆದಿದೆ. ನಡುನೀರಿನಲ್ಲಿ ದಮ್ಮು ಕಟ್ಟಿ ನಿಂತವರನ್ನು ಯಾರೂ ಸುಸ್ತಾಯಿತೇ ಎಂದು ಕೇಳುವುದಿಲ್ಲ. ನಿಂತವರು ಗಾಗಲ್ಸ್ ತೆಗೆದು, ಒರೆಸಿ, ಪಟ್ಟಿ ಬಿಗಿ ಮಾಡಿಕೊಳ್ಳುತ್ತಾರೆ. ಪಕ್ಕದವರು “ಮಂಜು ಕೂತ್ಬಿಡುತ್ತೆ ಅಲ್ವಾ ಸಾರ್” ಎನ್ನುತ್ತಾರೆ. ಹೀಗೆ ನಾನು ದಿನಕ್ಕೆ ಇಪ್ಪತ್ತು ಸುತ್ತು ಈಜುತ್ತಿದ್ದೆ, ಗಾಗಲ್ಸನ್ನೂ ಸುಮಾರು ಇಪ್ಪತ್ತು ಸಲ ಒರೆಸುತ್ತಿದ್ದೆ. ಮನೆಯಲ್ಲಿ ಸುತ್ತುಗಳನ್ನು ಮಾತ್ರ ಹೇಳುತ್ತಿದ್ದೆ.

ಬ್ಯಾಚಿನಲ್ಲಿ ಗಾಗಲ್ಸ್ ಇಲ್ಲದವನು ಒಬ್ಬನೇ. ಕೆ.ಆರ್. ಪುರದಲ್ಲಿ ಆಟೋಗಳ ವೈರಿಂಗ್ ರಿಪೇರಿ ಅಂಗಡಿ ಇಟ್ಟವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ತಲೆ ಮೇಲೆತ್ತಿಕೊಂಡು ಎಮ್ಮೆಯ ಹಾಗೆ ಈಜುತ್ತಿದ್ದ. ನನಗೆ ನೋಡಲಾಗದೆ ಎರಡು ವರ್ಷದಿಂದ ಪಾಠ ಹೇಳುತ್ತಿದ್ದೆ. “ಮೊಣಕೈ ಮೇಲೆತ್ತಯ್ಯ, ಮುಖ ನೀರೊಳಗಿಡು.” ಅವನು “ಆಯ್ತು ಸಾರ್” ಎಂದು ನಾಲ್ಕು ಕೈ ಹಾಗೆ ಬೀಸಿ, ಮತ್ತೆ ಎಮ್ಮೆಯಾಗುತ್ತಿದ್ದ.

ಹೋದ ಫೆಬ್ರವರಿಯಲ್ಲಿ ಅವನ ಸಂಬಂಧಿಕರ ಮದುವೆಗೆಂದು ತಮಿಳುನಾಡಿನ ಕಡಲ ದಂಡೆಯ ಒಂದು ಊರಿಗೆ ಇಬ್ಬರೂ ಹೋದೆವು. ಊರಿನ ಸುತ್ತ ಹಳೆಯ ಕೋಟೆಗೋಡೆ. ಗೋಡೆಯ ಬಾಗಿಲು ದಾಟಿದರೆ, ಹಿಂದೆ ಹಡಗುಗಳ ಸರಕು ಇಳಿಸುತ್ತಿದ್ದ ಕಲ್ಲಿನ ಧಕ್ಕೆ ಉದ್ದನೆಯ ಕಟ್ಟೆಯಂತೆ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಈಗ ಊರಿನವರು ಬೆಳಿಗ್ಗೆ ಅಲ್ಲಿ ಈಜುತ್ತಾರೆ. ಒಳಬದಿಯಲ್ಲಿ ನೀರು ಶಾಂತವಾಗಿರುತ್ತದೆ. ಮೆಟ್ಟಿಲುಗಳು ನೀರಿನೊಳಗೇ ಇಳಿದುಹೋಗುತ್ತವೆ. ಮೆಟ್ಟಿಲಿನಿಂದ, ಹಡಗಿನ ಹಗ್ಗ ಕಟ್ಟುತ್ತಿದ್ದ ಒಂಟಿ ಕಲ್ಲುಕಂಬದವರೆಗೆ ಮೂವತ್ತು ಮೀಟರ್. ಕಣ್ಣಳತೆಯೇ, ಆದರೆ ನನ್ನ ಕಣ್ಣಳತೆ ಅರ್ಧ ಮೀಟರಿಗಿಂತ ಹೆಚ್ಚು ತಪ್ಪುವುದಿಲ್ಲ.

“ಹೆದರ್ಬೇಡ, ನನ್ನ ಹಿಂದೇನೇ ಬಾ,” ಎಂದೆ. ಮೆಟ್ಟಿಲ ಮೇಲೆ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದ ಹೆಂಗಸಿಗೂ ಕೇಳುವಷ್ಟು ಜೋರಾಗಿ.

“ಆಳ ಎಷ್ಟಿದೆ ಅಂತ ಆಯಮ್ಮನ್ನ ಕೇಳೋಣ್ವಾ ಸಾರ್?”

“ಈಜೋನಿಗೆ ಆಳ ಯಾಕಯ್ಯ?”

ಹದಿನೆಂಟು ಮೀಟರ್ ಚೆನ್ನಾಗಿಯೇ ಹೋದೆ. ಆಮೇಲೆ ದಮ್ಮು ಕಟ್ಟಿತು. ಗಾಗಲ್ಸ್ ಸರಿಮಾಡಿಕೊಳ್ಳಲು ನಿಂತೆ.

ನಿಂತೆ ಎನ್ನುವುದು ತಪ್ಪು. ನಿಲ್ಲುವಂತೆ ನೆಟ್ಟಗಾದೆ, ಎರಡೂ ಕೈ ಗಾಗಲ್ಸ್ ಪಟ್ಟಿಯ ಮೇಲಿಟ್ಟೆ, ಮೊಳೆಯಂತೆ ನೇರ ಕೆಳಗಿಳಿದೆ. ಮೊದಲು ಹೊಳೆದದ್ದು ಭಯವಲ್ಲ, ದೂರು: ಇಲ್ಲಿ ಟೈಲ್ಸ್ ಕಿತ್ತುಹೋಗಿದೆ, ಕೊಳದ ಸೂಪರ್‌ವೈಸರಿಗೆ ಹೇಳಬೇಕು. ಕಾಲು ಇನ್ನೂ ಕೆಳಗೆ ಹುಡುಕುತ್ತಿತ್ತು. ಉಪ್ಪುನೀರು ಮೂಗಿಗೆ ನುಗ್ಗಿತು. ಮುಂದಿನದರ ಕ್ರಮ ನನಗೆ ಗೊತ್ತಿಲ್ಲ. ಮೇಲೆ ಹಸಿರು ಬೆಳಕೊಂದು ಕಿರಿದಾಗುತ್ತಿದ್ದದ್ದು ನೆನಪಿದೆ. ಅದನ್ನು ಈಗ ಬರೆಯುವಾಗಲೂ ಕಾಲುಗಳನ್ನು ನೆಲಕ್ಕೆ ಒತ್ತಿಕೊಂಡಿದ್ದೇನೆ.

ಮುಳುಗುವವನನ್ನು ಹಿಂದಿನಿಂದ ಕೂದಲು ಹಿಡಿದು ಎಳೆಯಬೇಕಂತೆ. ನನ್ನ ತಲೆಯಲ್ಲಿ ಆ ಅನುಕೂಲ ಇಲ್ಲದ್ದರಿಂದ ಅವನು ಚಡ್ಡಿ ಹಿಡಿದ. “ಕುತ್ಗೆ ಹಿಡೀಬೇಡಿ ಸಾರ್! ಇಬ್ರೂ ಹೋಗ್ತೀವಿ!” ಎಂದು ಕೂಗುತ್ತಲೇ, ಹತ್ತಿರವಿದ್ದ ಕಂಬಕ್ಕೆ ತಂದು ಹಚ್ಚಿದ. ಕಂಬದ ತುಂಬ ಚಿಪ್ಪುಗಳು ಮೆತ್ತಿಕೊಂಡಿದ್ದವು. ಎದೆ ತರಚಿದರೂ ತಬ್ಬಿಕೊಂಡೆ.

“ಈಗ ಕಂಬ ಬಿಡಿ, ವಾಪಸ್ ಹೋಗಣ.”

“ಬಿಡಲ್ಲ. ದೋಣಿ ತರ್ಸು.”

“ದೋಣಿಯೆಲ್ಲ ಮೀನಿಗೆ ಹೋಗಿವೆ. ಮದ್ವೆ ಊಟ ಇಲ್ಲಿಗೇ ತಂದ್ಕೊಡ್ಲಾ?” ಅವನು ನೀರಿನ ಮೇಲೆ ಚಾಪೆ ಹಾಸಿದಂತೆ ಮಲಗಿದ್ದ. ಏದುಸಿರೂ ಇರಲಿಲ್ಲ.

“ಇದನ್ನ ಯಾರು ಕಲಿಸಿದ್ರು ನಿಂಗೆ?”

“ಯಾರೂ ಇಲ್ಲ. ನಮ್ಮೂರ ಬಾವೀಲಿ ನಲವತ್ತಡಿ ನೀರು. ನಿಲ್ಲಕ್ಕೆ ನೆಲ ಎಲ್ಲಿತ್ತು? ಸುಸ್ತಾದ್ರೆ ಮಲ್ಕೊಳ್ಳೋದೇ.”

“ಎರಡು ವರ್ಷದಿಂದ ಯಾಕೆ ಹೇಳ್ಲಿಲ್ಲ?”

“ನೀವು ಬರೀ ಮೊಣಕೈ ವಿಷ್ಯಾನೇ ಮಾತಾಡಿದ್ರಿ ಸಾರ್.”

ಕಡಲೆಕಾಯಿಯ ಹೆಂಗಸು ಮೆಟ್ಟಿಲಿನಿಂದ ತಮಿಳಿನಲ್ಲಿ ಕೂಗಿದಳು: ಇನ್ನು ಸ್ವಲ್ಪ ಹೊತ್ತಿಗೆ ಅಲೆ ಏಳುತ್ತದೆ, ಬರುವುದಾದರೆ ಈಗಲೇ ಬನ್ನಿ. ಹಲಸೂರಿನಲ್ಲಿ ಹುಟ್ಟಿ ಬೆಳೆದವನಿಗೆ ತಮಿಳು ಅರ್ಥವಾಗುತ್ತದೆ. ಅವತ್ತೊಂದು ದಿನ ಅರ್ಥವಾಗದಿದ್ದರೆ ಚೆನ್ನಾಗಿತ್ತು.

ಒಂದೊಂದೇ ಬೆರಳು ಬಿಡಿಸಿದೆ. ಬಲಗೈಯ ಕಿರುಬೆರಳು ಕೊನೆಗೆ ಬಿಟ್ಟಿತು. ಅದಕ್ಕೆ ಅಷ್ಟು ಶಕ್ತಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಹಿಂದಕ್ಕೆ ಒರಗಿದೆ. ಕಿವಿ ನೀರೊಳಗೆ ಹೋಯಿತು. ಸೊಂಟ ಕುಸಿಯಿತು, ಕೂಗಿಕೊಂಡೆ, ಒಂದು ಬಾಯಿ ಉಪ್ಪುನೀರು ಕುಡಿದೆ. ಅವನು ಭುಜದ ಕೆಳಗೆ ಅಂಗೈ ಕೊಟ್ಟ.

“ಹೊಟ್ಟೇನ ಆಕಾಶಕ್ಕೆ ತೋರ್ಸಿ ಸಾರ್. ಹೊಟ್ಟೇಲಿ ದೇವ್ರು ನಿಮ್ಗೇನೂ ಕಮ್ಮಿ ಮಾಡಿಲ್ಲ. ಅದೇ ತೇಲ್ಸುತ್ತೆ.”

ತೋರಿಸಿದೆ. ಅದು ತೇಲಿಸಿತು. ಮೂವತ್ತು ಮೀಟರನ್ನು ಹಾಗೆಯೇ, ಕೊಚ್ಚಿಬಂದ ಮರದ ದಿಮ್ಮಿಯಂತೆ, ನನ್ನ ಶಿಷ್ಯನಿಂದ ತಳ್ಳಿಸಿಕೊಂಡು ಬಂದೆ. ಅಲ್ಲಾಡಿದರೆ ಮುಳುಗುತ್ತೇನೆಂದು ಕಣ್ಣುರೆಪ್ಪೆಯನ್ನೂ ಬಡಿಯಲಿಲ್ಲ.

“ಮೆಟ್ಲು ಬಂತು ಸಾರ್. ನಿಂತ್ಕೊಳ್ಳಿ.”

ಬೆನ್ನಿಗೆ ಕಲ್ಲು ತಗುಲುತ್ತಿತ್ತು. ಪಕ್ಕದಲ್ಲೇ ಆ ಹೆಂಗಸಿನ ಚಪ್ಪಲಿ ಕಾಣುತ್ತಿತ್ತು. ಆದರೂ ನಾನು ಏಳಲಿಲ್ಲ.

“ಮೊದ್ಲು ನೀನು ನಿಂತು ತೋರ್ಸು,” ಎಂದೆ.

ಅವನು ನಿಂತ. ನೀರು ಅವನ ಮೊಣಕಾಲವರೆಗಿತ್ತು.

“ಇನ್ನೊಂದ್ಸಲ.”

ಅವನು ಆ ಹೆಂಗಸಿನ ಮುಖ ನೋಡಿದ. ಆಮೇಲೆ ನೀರಿನಲ್ಲಿ ಕೂತು, ಮತ್ತೊಮ್ಮೆ ನಿಂತ.