ಹೊಸ ಕಾರಿಗೆ ಕಟ್ಟಿದ ಬೂಟು

ಮಕ್ಕಳೇ, ಇವತ್ತು ನಮ್ಮಕ್ಕನ ಮಗ ಮಂಜು ಹೊಸ ಕಾರಿನಲ್ಲಿ ಅಜ್ಜಂಪುರಕ್ಕೆ ಹೆಣ್ಣು ನೋಡಲು ಹೊರಟ. ನೋಡಿದರೆ ಕಾಲಿಗೆ ಹಾಕೋ ಜೋಡಿ ಬೂಟಿನಲ್ಲಿ ಒಂದು ಕಾಣುತ್ತಿಲ್ಲ. ಕೊನೆಗೆ ಅದು ಕಾರಿನ ಹಿಂದೆ ನೇತಾಡುತ್ತಿತ್ತು.

“ಅಮ್ಮಾ, ಇದೇನೇ?”

“ದೃಷ್ಟಿ ಆಗ್ದಿರ್ಲಿ ಅಂತ ಕಣೋ. ಹಳೇ ಹರಕಲು ಸಿಕ್ತು, ಕಟ್ಟಿದೆ.”

“ಹರಿದಿರೋದೇ ಫ್ಯಾಷನ್ ಕಣಮ್ಮ. ಹೋದ ವಾರ ತಂದಿದ್ದು.”

“ಏನೋಪ್ಪ, ಕಟ್ಟಿದ್ಮೇಲೆ ಬಿಚ್ಚಬಾರದು.”

ಮಂಜು ನನ್ನ ಚಪ್ಪಲಿ ಮೆಟ್ಟಿಕೊಂಡೇ ಹೊರಟ. ಅಲ್ಲಿ ಹುಡುಗಿ ಉಪ್ಪಿಟ್ಟು ಕೊಟ್ಟು, ಹೊರಗೆ ಹೋಗಿ ಕಾರು ನೋಡಿ ಬಂದಳು. “ಅಷ್ಟು ಚೆನ್ನಾಗಿರೋ ಬೂಟು! ಇನ್ನೊಂದು ಎಲ್ರೀ?” ಅಂತ ಮಂಜುವನ್ನೇ ಕೇಳಿದಳು. ಆಮೇಲೆ ಇಬ್ಬರ ಮಾತೂ ನಿಲ್ಲಲಿಲ್ಲ.

ಹೊಸ ಹರಕಲು, ಹಳೇ ಹರಕಲು ಗುರುತು ಹಿಡಿಯೋದು ಹೇಗೆ, ತಿಳಿದವರು ಅಕ್ಕನಿಗೆ ಹೇಳಿಕೊಡಿ. ಅವಳ ಮನೆಯಲ್ಲಿ ಇನ್ನು ಇಂಥ ಹರಕಲು ಮೆಚ್ಚುವವರು ಇಬ್ಬರಾಗುವ ಹಾಗಿದೆ.