ಬೋರಲು ಹಾಕಿದ ಚೊಂಬು

ರಾಜಾಜಿನಗರದ ಹೊಸ ಬಡಾವಣೆಯಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟುಗಳಿಗೆ ನೆಟ್ಟ ಕಲ್ಲುಗಳೇ ಹೆಚ್ಚು. ಮನೆ ಕಟ್ಟಿಕೊಂಡು ಬಂದವರು ಹಾಲನ್ನು ಕಣ್ಣೆದುರಿಗೇ ಕರೆಸಿಕೊಳ್ಳುತ್ತಿದ್ದರು. ಹಸು ಗೇಟಿನ ಮುಂದೆ ನಿಲ್ಲಬೇಕು. ಕರೆಯುವ ಮೊದಲು ಚೊಂಬನ್ನು ಬೋರಲು ಹಾಕಿ, ಒಳಗೆ ನೀರಿಲ್ಲವೆಂದು ತೋರಿಸಬೇಕು. ನಮ್ಮಕ್ಕ ಅದನ್ನು ಯಾರೂ ಕೇಳುವ ಮೊದಲೇ ಮಾಡುತ್ತಿದ್ದಳು. ಬೋರಲು ಹಾಕಿ, ತಳಕ್ಕೆ ಬೆರಳಿನಿಂದ ತಟ್ಟುತ್ತಿದ್ದಳು. ಅವಳನ್ನು ನೆನೆದರೆ ಮುಖಕ್ಕಿಂತ ಮೊದಲು ಆ ಸದ್ದು ಬರುತ್ತದೆ.

ಹೆಗ್ಗನಹಳ್ಳಿಯಲ್ಲಿ ನಮ್ಮದೊಂದು ಹಂಚಿನ ಮನೆ, ಪಕ್ಕದಲ್ಲಿ ಕೊಟ್ಟಿಗೆ, ಅದರಲ್ಲಿ ಕಂದು ಬಣ್ಣದ ಒಂದು ಸೀಮೆಹಸು. ಅಪ್ಪ ಅವ್ವ ತೀರಿಕೊಂಡಿದ್ದರು. ಅಕ್ಕ ಗಂಡ ಸತ್ತ ಮೇಲೆ ತವರಿಗೆ ಬಂದವಳು. ನನಗಿನ್ನೂ ಮದುವೆಯಾಗಿರಲಿಲ್ಲ. ಮಂಜು ಸರಿಯುವ ಮೊದಲೇ ಅವಳು ಹಸು ಹಿಡಿದು, ನಾನು ಕರು ಹಿಡಿದು, ಮಾಗಡಿ ರಸ್ತೆಗೆ ಇಳಿಯುತ್ತಿದ್ದೆವು. ಆ ಹಸು ಅಕ್ಕನ ಕೈಗಲ್ಲದೆ ಬೇರೆಯವರ ಕೈಗೆ ಹಾಲು ಇಳಿಸುತ್ತಿರಲಿಲ್ಲ. ನಾನು ಕೂತರೆ ಕಾಲು ಝಾಡಿಸುತ್ತಿತ್ತು. ಹಾಗಾಗಿ ಕೈಲಾಗಲಿ, ಆಗದಿರಲಿ, ಅಕ್ಕ ನಡೆಯಲೇಬೇಕಿತ್ತು.

ಆ ಚಳಿಗಾಲ ಅವಳ ಕೈಲಾಗಲಿಲ್ಲ. ನಾಲ್ಕು ಹೆಜ್ಜೆ ಹಾಕಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ದಾರಿಯ ಹೊಂಗೆ ಮರದ ಕೆಳಗೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದಳು. ಆಸ್ಪತ್ರೆಯಲ್ಲಿ ಅವಳ ಹೃದಯಕ್ಕೆ ಬಲವಿಲ್ಲ, ಈ ನಡಿಗೆ ಬಿಟ್ಟರೆ ಉಳಿಯುತ್ತಾಳೆ ಎಂದರು. ಹಸುವೂ ಸೊರಗಿತ್ತು. ಮೊದಲು ಮೇಯುತ್ತಿದ್ದ ಗೋಮಾಳ ಬಡಾವಣೆಗೆ ಹೋಗಿತ್ತು. ನಡೆದೂ ನಡೆದೂ ಅದರ ಹಾಲು ದಿನದಿನಕ್ಕೆ ಇಳಿಯುತ್ತಿತ್ತು.

ಲಸಿಕೆ ಹಾಕಲು ಊರಿಗೆ ಬಂದ ದನದ ಡಾಕ್ಟರು ನಮ್ಮ ಹಸುವನ್ನು ನೋಡಿ, "ಇಷ್ಟು ದೂರ ನಡೆಸಿದ್ರೆ ತಿಂದಿದ್ದೆಲ್ಲ ಕಾಲಿಗೇ ಹೋಗುತ್ತಮ್ಮ, ಕೆಚ್ಚಲಿಗೆ ಏನುಳಿಯುತ್ತೆ?" ಎಂದರು. ನೆರಳಲ್ಲಿ ಕಟ್ಟಿ, ಮುಂದೆ ಸದಾ ನೀರಿಡಿ, ಹುಲ್ಲು ಕತ್ತರಿಸಿ ಹಾಕಿ, ಬೇಯಿಸಿದ ಹುರುಳಿಗೆ ಹಿಂಡಿ ಕಲಸಿ ಕೊಡಿ ಎಂದು ಹೇಳಿ ಹೋದರು.

ಹಾಗೇ ಮಾಡಿದೆವು. ಅಕ್ಕ ಕೊಟ್ಟಿಗೆಯಲ್ಲೇ ಕರೆದು ಕೊಡುವಳು, ನಾನು ಪಾತ್ರೆಗೆ ಬಟ್ಟೆ ಕಟ್ಟಿ ತಲೆಯ ಮೇಲೆ ಹೊತ್ತು ಬಡಾವಣೆಗೆ ಹೋಗುವೆ. ಕೆಲವೇ ವಾರಗಳಲ್ಲಿ ಹಸುವಿನ ಮೈ ಮಿನುಗಿತು. ಹಾಲು ಚೊಂಬು ತುಂಬಿ ನೊರೆ ಹೊರಗೆ ಸುರಿಯುತ್ತಿತ್ತು. ಅಕ್ಕ ಮಧ್ಯಾಹ್ನ ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುವಾಗ ಹಾಡು ಗುನುಗುವುದನ್ನು ಬಹಳ ದಿನದ ಮೇಲೆ ಕೇಳಿದೆ. ಇವಳು ಉಳಿಯುತ್ತಾಳೆ ಎಂದುಕೊಂಡೆ.

ಆದರೆ ಬಡಾವಣೆಯವರಿಗೆ ಹೊತ್ತು ತಂದ ಹಾಲು ಹಿಡಿಸಲಿಲ್ಲ. ಬೆರಳದ್ದಿ ನೋಡಿದರು, ಉಗುರಿನ ಮೇಲೆ ಹನಿ ಬಿಟ್ಟು ನೋಡಿದರು. ಹಾಲು ಎಂದಿಗಿಂತ ಗಟ್ಟಿಯಾಗಿತ್ತು. ಮೂಲೆ ಮನೆಯ ಮೇಷ್ಟರ ಹೆಂಡತಿ ಒಳ್ಳೆಯವರು, ನನ್ನನ್ನು ಬೈಯಲಿಲ್ಲ. "ನೀರು ಹಾಕಿದೀಯ ಅಂತಲ್ಲಮ್ಮ. ಕಣ್ಣಲ್ಲಿ ನೋಡಿದ್ರೆ ಮನಸ್ಸಿಗೊಂದು ಸಮಾಧಾನ" ಎಂದರು. ಅಕ್ಕನ ಕಾಯಿಲೆಯ ವಿಷಯ ಹೇಳಿದೆ. ಪಾಪ ಎಂದರು, ಮಾರನೆಯ ದಿನದಿಂದ ಹಾಲು ಬೇಡವೆಂದರು. ಒಂದೊಂದೇ ಮನೆ ಹೀಗೆ ಬಿಟ್ಟುಹೋಯಿತು. ಉಳಿದ ಹಾಲಿಗೆ ಹೆಪ್ಪು ಹಾಕಿದೆವು. ಆದರೆ ಮನೆಮನೆಯಲ್ಲೂ ಕರಾವಿರುವ ಊರಲ್ಲಿ ಮಜ್ಜಿಗೆ ಯಾರಿಗೆ ಬೇಕು?

"ಹಾಲು ಜಾಸ್ತಿ ಆಯ್ತು, ಕುಡಿಯೋರು ಕಮ್ಮಿ ಆದ್ರು. ಬಾರೇ, ನಾವೇ ಕುಡ್ದು ದಪ್ಪ ಆಗೋಣ" ಎಂದು ಅಕ್ಕ ನಕ್ಕಳು. ಹಿಂಡಿ ಮುಗಿದಿತ್ತು. ಹೊಸದಾಗಿ ತರುವ ದಾರಿ ನಮಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟಾಗ ಅವಳು ಹಸುವಿನ ಹಗ್ಗ ಬಿಚ್ಚುತ್ತಿದ್ದಳು. ನಾನು ಹಗ್ಗ ಹಿಡಿದೆಳೆದೆ.

"ಬಿಡೇ. ಅದು ನಿನ್ನ ಕೈಗೆ ಕೊಡಲ್ಲ, ಅವರು ನಿನ್ನ ಪಾತ್ರೆ ಮುಟ್ಟಲ್ಲ. ಇನ್ಯಾರು ಹೋಗ್ತಾರೆ?"

ಹಗ್ಗ ಬಿಟ್ಟೆ. ಕರುವಿನ ಹಗ್ಗ ಹಿಡಿದು ಹಿಂದೆ ನಡೆದೆ. ಬಿಟ್ಟವರೆಲ್ಲ ಮತ್ತೆ ಹಾಲು ತೆಗೆದುಕೊಂಡರು. ಹಸುವಿನ ಹಾಲು ಮತ್ತೆ ಇಳಿಯಿತು. ಹೊಂಗೆ ಮರದ ಕೆಳಗೆ ಅಕ್ಕ ಕೂರುವ ಹೊತ್ತು ಬೆಳೆಯುತ್ತಾ ಹೋಯಿತು. ಮಾಘ ಮಾಸದ ಒಂದು ಬೆಳಿಗ್ಗೆ ಅಲ್ಲಿ ಕೂತವಳು ಏಳಲಿಲ್ಲ. ಹಸುವಿನ ಹಗ್ಗ ಅವಳ ಮುಂಗೈಗೆ ಸುತ್ತಿಕೊಂಡೇ ಇತ್ತು. ಹಸು ಎಳೆಯದೆ ಅವಳ ಪಕ್ಕದಲ್ಲೇ ನಿಂತಿತ್ತು.

ತಿಥಿ ಮುಗಿದ ಮೇಲೆ ನಾನೊಬ್ಬಳೇ ಹಸು ಕರು ಎರಡನ್ನೂ ಹಿಡಿದುಕೊಂಡು ಬಡಾವಣೆಗೆ ಹೋದೆ. ಬೇರೆ ಏನು ಮಾಡಬೇಕೋ ತಿಳಿದಿರಲಿಲ್ಲ. ಮೂಲೆ ಮನೆಯ ಮುಂದೆ ನಿಂತು ಚೊಂಬನ್ನು ಬೋರಲು ಹಾಕಿದೆ. ಮೇಷ್ಟರ ಹೆಂಡತಿ ಮೆಟ್ಟಿಲು ಇಳಿದು ಬಂದರು. ಅವರಿಗೆ ಸುದ್ದಿ ತಿಳಿದಿತ್ತು, ಕಣ್ಣು ಒದ್ದೆಯಾಗಿತ್ತು.

"ಅದೆಲ್ಲ ಬೇಡ ಬಿಡಮ್ಮ. ನಿಮ್ಮ ಮೇಲೆ ನಮಗೆ ನಂಬಿಕೆ ಇಲ್ವಾ? ಇನ್ಮೇಲೆ ಮನೇಲೇ ಕರೆದು ತಂದ್ಕೊಡು, ಸಾಕು."

ಅವರು ಮನಸ್ಸಿನಿಂದಲೇ ಹೇಳಿದರು. ಆ ಮಾತನ್ನು ಇಂದಿಗೂ ನನಗೆ ನುಂಗಲಾಗಿಲ್ಲ. ಆಗ ಹೂಂ ಎಂದಷ್ಟೇ ಹೇಳಿ, ಚೊಂಬನ್ನು ನೆಟ್ಟಗೆ ಮಾಡಿಕೊಂಡು ಕರೆಯಲು ಕೂತೆ. ಹಸು ಈ ಸಲ ಕಾಲು ಝಾಡಿಸಲಿಲ್ಲ. ಬಂದ ದಾರಿಯ ಕಡೆಗೆ ತಲೆ ತಿರುಗಿಸಿ ನೋಡುತ್ತಾ ನಿಂತಿತ್ತು. ಅರ್ಧ ಪಾವೂ ಬರಲಿಲ್ಲ.